ಮರದ ಭರಣಿ ಕಡೆಯೋಣ ಬನ್ನಿ: ಅಳತೆ ಸರಿ ಇದ್ದರೆ ಸಾಕಾ?

ಮಷಿನ್ ಶಾಪ್ ಲ್ಯಾಬ್‌ನಲ್ಲಿ ನಾವೆಲ್ಲ ಲೇತ್ ಮುಂದೆ ನಿಂತಿದ್ದೇವೆ. ಕಬ್ಬಿಣದ ರಾಡ್ ಹಾಕಿ ಫೇಸಿಂಗ್, ಟರ್ನಿಂಗ್, ಟೇಪರ್ ಮಾಡಿ, ವರ್ನಿಯರ್ ಹಿಡಿದು, ಡ್ರಾಯಿಂಗ್‌ನಲ್ಲಿ ಇದ್ದ ಅಳತೆ ಬಂತು ಅಂದರೆ ಕೆಲಸ ಮುಗೀತು, ರೆಕಾರ್ಡ್‌ಗೆ ಸಹಿ ಆಯ್ತು. ಆದರೆ ಅದೇ ಲೇತ್ ತತ್ವದಲ್ಲಿ ಒಂದು ಮರದ ಪಾತ್ರೆ ಕಡೆಯೋಕೆ ಹೋದರೆ ಎರಡು ಹೊಸ ತೊಂದರೆ ಬರುತ್ತವೆ. ಒಂದು, ಪಾತ್ರೆ ಒಳಗೆ ಟೊಳ್ಳು, ಅಂದರೆ ಹೊರಗೂ ಒಳಗೂ ಎರಡು ಮೇಲ್ಮೈ, ನಡುವೆ ತೆಳ್ಳಗಿನ ಗೋಡೆ. ಇನ್ನೊಂದು, ಎಲ್ಲ ಅಳತೆ ಸರಿ ಬಂದರೂ ಪಾತ್ರೆ ನೋಡೋಕೆ ಚೆನ್ನಾಗಿಲ್ಲದೆ ಇರಬಹುದು. ಈ ಲೇಖನ ಆ ಎರಡರ ಬಗ್ಗೆ.

ಉದಾಹರಣೆಗೆ ನಾವು ತಗೊಂಡಿರೋದು ಒಂದು ಕುಂಕುಮದ ಭರಣಿ. ಎತ್ತರ 80 ಮಿ.ಮೀ., ಹೊಟ್ಟೆಯ ಹತ್ತಿರ ಅಗಲ 60, ಬುಡ 40, ಬಾಯಿಯ ಒಳವ್ಯಾಸ 40, ಗೋಡೆಯ ದಪ್ಪ 5. ಇಂಥ ಭರಣಿಗಳು ಚನ್ನಪಟ್ಟಣದಲ್ಲಿ ಇವತ್ತಿಗೂ ತಯಾರಾಗುತ್ತವೆ. ಬೆಂಗಳೂರಿನಿಂದ ಮೈಸೂರು ಕಡೆಗೆ ಸುಮಾರು 60 ಕಿ.ಮೀ. ದೂರದ ಊರು ಅದು. ಅಲ್ಲಿನ ಗೊಂಬೆಗಳ ಇತಿಹಾಸ ಎಲ್ಲರೂ ಬರೆದಿದ್ದಾರೆ, ಅದನ್ನ ಬಿಡೋಣ. ನಮಗೆ ಬೇಕಾಗಿರೋದು ಅಲ್ಲಿನ ಮರ, ಉಳಿ ಮತ್ತು ಅರಗು.

ಮೊದಲು ಒಂದು ಪದ. ಲೇತ್‌ನಲ್ಲಿ ತಿರುಗಿಸಿ ಆಕಾರ ಕೊಡೋದಕ್ಕೆ ಕನ್ನಡದಲ್ಲಿ 'ಕಡೆಯುವುದು' ಅಂತಾರೆ. ಮಜ್ಜಿಗೆ ಕಡೆಯೋದಕ್ಕೂ ಅದೇ ಪದ. ಇದು ಸುಮ್ಮನೆ ಹೋಲಿಕೆ ಅಲ್ಲ. ಹಗ್ಗ ಸುತ್ತಿದ ಕಡೆಗೋಲು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತೆ ಅಲ್ವಾ? ಹಳೇ ಕಾಲದ ಕೈ ಲೇತ್ ಕೂಡ ಹಾಗೇ. ಬಿಲ್ಲಿನ ಹಗ್ಗವನ್ನು ಮರಕ್ಕೆ ಸುತ್ತಿ ಹಿಂದೆ ಮುಂದೆ ಎಳೆದರೆ ಮರ ಎರಡೂ ದಿಕ್ಕಿಗೆ ತಿರುಗುತ್ತೆ, ಒಂದು ದಿಕ್ಕಿಗೆ ತಿರುಗುವಾಗ ಮಾತ್ರ ಉಳಿ ಕೊರೆಯುತ್ತೆ. ಮೋಟರ್ ಬಂದ ಮೇಲೆ ಒಂದೇ ದಿಕ್ಕು, ನಿಲ್ಲದ ವೇಗ.

1. ಮರ: ಕಬ್ಬಿಣದ ಥರ ಅಲ್ಲ

ಚನ್ನಪಟ್ಟಣದಲ್ಲಿ ಹೆಚ್ಚು ಬಳಸೋದು ಆಲೆ ಮರ. ಕೆಲವು ಕಡೆ ಹಾಲೆ ಮರ ಅಂತಾರೆ. ಬಿಳಿ ಬಣ್ಣ, ನಾರು ತುಂಬಾ ನಯ, ಹದವಾದ ಗಟ್ಟಿತನ. ಬಿಳಿ ಇರೋದರಿಂದ ಮೇಲೆ ಹಚ್ಚಿದ ಬಣ್ಣ ಚೆನ್ನಾಗಿ ಕಾಣುತ್ತೆ, ನಾರು ನಯ ಇರೋದರಿಂದ ಸಣ್ಣ ಅಂಚೂ ಕಿತ್ತು ಬರದೆ ನಿಲ್ಲುತ್ತೆ.

ಕಬ್ಬಿಣದ ರಾಡ್‌ಗೆ ಎಲ್ಲ ದಿಕ್ಕಿನಲ್ಲೂ ಹೆಚ್ಚು ಕಮ್ಮಿ ಒಂದೇ ಗುಣ. ಮರಕ್ಕೆ ಹಾಗಲ್ಲ. ಮರವನ್ನು ಒಂದು ಕಟ್ಟು ಸ್ಟ್ರಾ ಅಂದುಕೊಳ್ಳಿ. ಸ್ಟ್ರಾದ ಉದ್ದಕ್ಕೆ ಅದು ಬಲ, ಅಡ್ಡಕ್ಕೆ ದುರ್ಬಲ. ಒಣಗುವಾಗ ಉದ್ದಕ್ಕೆ ಕುಗ್ಗೋದು ಲೆಕ್ಕಕ್ಕೇ ಇಲ್ಲದಷ್ಟು. ಅಡ್ಡಕ್ಕೆ ಕುಗ್ಗುತ್ತೆ, ಅದರಲ್ಲೂ ಉಂಗುರಗಳ ಸುತ್ತಲಿನ ದಿಕ್ಕಿಗೆ ಕುಗ್ಗೋದು, ನಡುವಿನಿಂದ ತೊಗಟೆ ಕಡೆಗಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಅದಕ್ಕೇ ಹಸಿ ಮರದಲ್ಲಿ ದುಂಡಗೆ ಕಡೆದ ಬಾಯಿ ಒಣಗಿದ ಮೇಲೆ ಮೊಟ್ಟೆಯಾಕಾರ ಆಗಬಹುದು. ಮುಚ್ಚಳ ಕೂರಲ್ಲ.

ಹಾಗಾಗಿ ಮರ ಮೊದಲು ಒಣಗಬೇಕು. ಒಣಗಿದೆಯಾ ಅಂತ ತಿಳಿಯೋಕೆ ದೊಡ್ಡ ಉಪಕರಣ ಬೇಡ, ಅಡುಗೆಮನೆ ತೂಕದ ಯಂತ್ರ ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯೋದು ನಿಂತರೆ ಮರ ಸುತ್ತಲಿನ ಗಾಳಿಯ ಜೊತೆ ಸಮಸ್ಥಿತಿಗೆ ಬಂದಿದೆ ಅಂತ ಅರ್ಥ. ತೇವಾಂಶದ ಲೆಕ್ಕ ಹೀಗೆ: ಈಗಿನ ತೂಕದಿಂದ ಪೂರ್ತಿ ಒಣ ತೂಕ ಕಳೆದು, ಬಂದದ್ದನ್ನ ಒಣ ತೂಕದಿಂದಲೇ ಭಾಗಿಸಿ, 100ರಿಂದ ಗುಣಿಸಬೇಕು. 455 ಗ್ರಾಂ ತುಂಡಿನ ಒಣ ತೂಕ 350 ಆದರೆ ತೇವಾಂಶ ಶೇ. 30. ಇಲ್ಲಿ ಒಂದು ಮುಖ್ಯ ವಿಷಯ: ಸುಮಾರು ಶೇ. 25–30ರವರೆಗೆ ಹೋಗೋ ನೀರು ಕೋಶಗಳ ಒಳಗಿನ ಖಾಲಿ ಜಾಗದ್ದು, ಅದು ಹೋದರೆ ಮರ ಕುಗ್ಗಲ್ಲ. ಅದಕ್ಕಿಂತ ಕೆಳಗೆ ಇಳಿದಾಗ ಕೋಶದ ಗೋಡೆಯ ನೀರು ಹೋಗುತ್ತೆ, ಕುಗ್ಗೋದು ಆಗ ಶುರು. ಅಂದರೆ 'ಅರ್ಧ ಒಣಗಿದೆ, ಸಾಕು' ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ, ಅಪಾಯ ಇರೋದೇ ಆ ಉಳಿದ ಅರ್ಧದಲ್ಲಿ.

ಕೊಂಬೆಯ ನಟ್ಟನಡುವೆ ಮೆತ್ತಗಿನ ತಿರುಳು ಇರುತ್ತೆ. ಬಿರುಕು ಸಾಮಾನ್ಯವಾಗಿ ಶುರುವಾಗೋದು ಅಲ್ಲಿಂದ. ಭರಣಿಯ ಒಳಗನ್ನು ತೋಡಿದಾಗ ಮೇಲಿನ ತಿರುಳು ಹೋಗುತ್ತೆ, ಆದರೆ ತಳದಲ್ಲಿ ಉಳಿದೇ ಇರುತ್ತೆ. ಮರ ಆರಿಸುವಾಗಲೇ ತಿರುಳು ಭರಣಿಯ ಹೊರಗೆ ಬೀಳೋ ಹಾಗೆ ದಪ್ಪ ತುಂಡಿನಿಂದ ಸೀಳಿಕೊಂಡರೆ ಒಳ್ಳೇದು.

2. ವೇಗ: ಹೊರಗೆ ಜಾಸ್ತಿ, ನಡುವೆ ಸೊನ್ನೆ

ಮೇಲ್ಮೈ ವೇಗ ಅಂದರೆ ಪೈ ಗುಣಿಸು ವ್ಯಾಸ ಗುಣಿಸು ಆರ್‌ಪಿಎಂ. 60 ಮಿ.ಮೀ. ವ್ಯಾಸ, 1500 ಆರ್‌ಪಿಎಂ ಅಂದರೆ ನಿಮಿಷಕ್ಕೆ ಸುಮಾರು 283 ಮೀಟರ್, ಸೆಕೆಂಡಿಗೆ 4.7 ಮೀಟರ್. ಲ್ಯಾಬ್‌ನಲ್ಲಿ ಹೈ ಸ್ಪೀಡ್ ಸ್ಟೀಲ್ ಟೂಲ್‌ನಿಂದ ಮೈಲ್ಡ್ ಸ್ಟೀಲ್ ಕೊರೆಯುವಾಗ ನಾವು ಇಟ್ಟುಕೊಳ್ಳೋದು ನಿಮಿಷಕ್ಕೆ ಸುಮಾರು 30 ಮೀಟರ್. ಮರದಲ್ಲಿ ಅದರ ಒಂಬತ್ತು ಪಟ್ಟು ಜಾಸ್ತಿ! ಮರಕ್ಕೆ ವೇಗ ಕಮ್ಮಿ ಆದರೆ ನಾರು ಕತ್ತರಿಸೋ ಬದಲು ಹರಿಯುತ್ತೆ.

ಹಾಗಂತ ದೊಡ್ಡ ಪಾತ್ರೆಗೂ ಅದೇ 1500 ಇಡಬಾರದು. ಹೊರಮೈ ಮೇಲಿನ ಒಂದು ಕಣದ ಕೇಂದ್ರಾಭಿಮುಖ ವೇಗೋತ್ಕರ್ಷ ಲೆಕ್ಕ ಹಾಕಿದರೆ, ನಮ್ಮ ಭರಣಿಯಲ್ಲಿ ಅದು ಗುರುತ್ವದ ಸುಮಾರು 75 ಪಟ್ಟು. 150 ಮಿ.ಮೀ. ಬೋಗುಣಿಯಲ್ಲಿ ಸುಮಾರು 188 ಪಟ್ಟು. ಮರದಲ್ಲಿ ಕಣ್ಣಿಗೆ ಕಾಣದ ಒಂದು ಬಿರುಕು ಇದ್ದರೆ ಆ ತುಂಡು ಎಲ್ಲಿಗೆ ಹಾರುತ್ತೆ ಅಂತ ಯೋಚಿಸಿ. ಅದಕ್ಕೇ ಓರೆಕೋರೆ ತುಂಡನ್ನ ಮೊದಲು ನಿಧಾನ ವೇಗದಲ್ಲಿ ದುಂಡಗೆ ಮಾಡಿ, ಆಮೇಲೆ ವೇಗ ಏರಿಸಬೇಕು.

ಇನ್ನೊಂದು ತುದಿ ನೋಡಿ. ಅಕ್ಷದ ಮೇಲೆ ವ್ಯಾಸ ಸೊನ್ನೆ, ಅಂದರೆ ವೇಗವೂ ಸೊನ್ನೆ. ಭರಣಿಯ ತಳದ ನಡುವೆ ಉಳಿ ಕೊರೆಯೋದೇ ಇಲ್ಲ, ಬರೀ ಉಜ್ಜುತ್ತೆ. ಒಳಗೆ ತೋಡೋ ಮುಂಚೆ ನಡುವೆ ಡ್ರಿಲ್ ಹಾಕೋದು ಈ ಕಾರಣಕ್ಕೆ.

3. ಉಳಿ ಯಾವ ದಿಕ್ಕಿಗೆ ಹೋಗಬೇಕು?

ಉಳಿ ಯಾವಾಗಲೂ 'ಇಳಿಜಾರಿನ' ಕಡೆಗೆ ಹೋಗಬೇಕು. ಅಂದರೆ ಕತ್ತರಿಸುತ್ತಿರುವ ನಾರಿಗೆ ಕೆಳಗಿನ ನಾರಿನ ಆಸರೆ ಇರಬೇಕು. ಪೆನ್ಸಿಲ್ ಚೂಪು ಮಾಡುವಾಗ ಬ್ಲೇಡ್ ತುದಿಯ ಕಡೆಗೆ ಎಳೆದರೆ ನಯವಾಗಿ ಬರುತ್ತೆ, ತುದಿಯಿಂದ ಹಿಂದಕ್ಕೆ ತಳ್ಳಿದರೆ ಮರ ಸೀಳುತ್ತೆ. ಅದೇ ಕಥೆ.

ನಮ್ಮ ಭರಣಿಯಲ್ಲಿ ನಾರು ಅಕ್ಷದ ಉದ್ದಕ್ಕೇ ಇದೆ. ಹಾಗಾಗಿ ಹೊರಗೆ ಕಡೆಯುವಾಗ ದಪ್ಪ ಭಾಗದಿಂದ ಸಣ್ಣ ಭಾಗಕ್ಕೆ: ಹೊಟ್ಟೆಯಿಂದ ಬಾಯಿ ಕಡೆಗೆ, ಮತ್ತೆ ಹೊಟ್ಟೆಯಿಂದ ಬುಡದ ಕಡೆಗೆ. ಒಳಗೆ ಅದಕ್ಕೆ ಉಲ್ಟಾ. ನಡುವಿನ ತೂತಿನಿಂದ ಶುರುಮಾಡಿ ಹೊರಕ್ಕೆ, ಸಣ್ಣ ವ್ಯಾಸದಿಂದ ದೊಡ್ಡ ವ್ಯಾಸಕ್ಕೆ. ಹಲಗೆಯಿಂದ ಅಗಲ ಬೋಗುಣಿ ಮಾಡುವಾಗ ನಾರು ಅಕ್ಷಕ್ಕೆ ಅಡ್ಡ ಇರುತ್ತೆ, ಆಗ ಈ ಎರಡೂ ನಿಯಮ ತಿರುವುಮುರುವು. ಬಾಯಿಪಾಠ ಮಾಡೋದಕ್ಕಿಂತ ಸ್ಟ್ರಾ ಕಟ್ಟನ್ನ ನೆನಪಿಸಿಕೊಂಡು ಯೋಚಿಸಿದರೆ ಯಾವತ್ತೂ ತಪ್ಪಲ್ಲ.

4. ಕೆಲಸದ ಕ್ರಮ

70 ಮಿ.ಮೀ. ದಪ್ಪ, 120 ಉದ್ದದ ತುಂಡು ತಗೊಳ್ಳಿ. ಭರಣಿಗೆ 80, ಕೊನೆಗೆ ಕತ್ತರಿಸೋಕೆ 4, ಉಳಿದದ್ದು ಚಕ್ ಹಿಡಿಯೋಕೆ. ಕ್ರಮ ಹೀಗಿರುತ್ತೆ: ದುಂಡಗೆ ಮಾಡು, ಹೊರಗಿನ ಆಕಾರ ತೆಗಿ, ಆಕಾರ ತಿದ್ದು, ಡ್ರಿಲ್ ಹಾಕು, ಒಳಗೆ ತೋಡು, ಅರಗು ಹಚ್ಚು, ಕತ್ತರಿಸು.

ಈ ಕ್ರಮದಲ್ಲಿ ಎರಡು ಗುಟ್ಟು ಇದೆ. ಒಂದು, ಹೊರಗು ಮುಗಿದು ಒಳಗು ಮುಗಿಯೋವರೆಗೆ ತುಂಡನ್ನ ಚಕ್‌ನಿಂದ ತೆಗೀಬೇಡಿ. ತೆಗೆದು ಮತ್ತೆ ಹಾಕಿದಾಗ ಅಕ್ಷ ಅರ್ಧ ಮಿ.ಮೀ. ಸರಿದರೆ ಗೋಡೆ ಒಂದು ಕಡೆ ಅಷ್ಟು ತೆಳು, ಎದುರು ಕಡೆ ಅಷ್ಟು ದಪ್ಪ. ಅದರ ಜೊತೆ ಹೊರಗೆ ಅರ್ಧ, ಒಳಗೆ ಅರ್ಧ ಮಿ.ಮೀ. ಹೆಚ್ಚು ಕೊರೆದಿದ್ದರೆ 5 ಇರಬೇಕಾದ ಗೋಡೆ ಒಂದು ಕಡೆ 3.5. ಟಾಲರೆನ್ಸ್ ಸೇರಿಕೊಳ್ಳುತ್ತೆ ಅಂತ ಕ್ಲಾಸಿನಲ್ಲಿ ಓದಿದ್ದು ಇದೇ. ಇನ್ನೊಂದು, ಬುಡದ ಹತ್ತಿರ ಸದ್ಯಕ್ಕೆ 40ರ ಬದಲು 46 ಮಿ.ಮೀ. ಬಿಡಿ. ಬಾಗೋದಕ್ಕೆ ತಡೆ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತೆ, ಆ 6 ಮಿ.ಮೀ. ಇಂದ ಗಟ್ಟಿತನ ಸುಮಾರು 1.75 ಪಟ್ಟು. ಒಳಗೆ ತೋಡುವಾಗ ನಡುಗಲ್ಲ. ತೋಡಿ ಆದ ಮೇಲೆ 40ಕ್ಕೆ ಇಳಿಸಿದರಾಯ್ತು.

5. ಆಕಾರ ತಿದ್ದೋದು

ಈಗ ಈ ಪಾಠದ ಮುಖ್ಯ ಭಾಗ. ಹೊರಗಿನ ಎಲ್ಲ ಅಳತೆ ಬಂದಿದೆ: ಬುಡ, ಹೊಟ್ಟೆ, ಬಾಯಿ. ಆದರೂ ಭರಣಿ 'ಸರಿ ಇಲ್ಲ' ಅನ್ನಿಸುತ್ತೆ. ಯಾಕೆ?

ಕಾರಣ ಅಳತೆಗಳು ಬಿಂದುಗಳು, ಆಕಾರ ಗೆರೆ. ಮೂರು ಬಿಂದುಗಳ ಮೂಲಕ ಎಷ್ಟು ಗೆರೆ ಬೇಕಾದರೂ ಎಳೀಬಹುದು. ಕ್ಯಾಡ್‌ನಲ್ಲಿ ನಾವು ಏನು ಮಾಡ್ತೀವಿ? ಒಂದು ನೇರ ಗೆರೆ ಎಳೆದು, ಅದಕ್ಕೆ ಸ್ಪರ್ಶಕವಾಗಿ 30 ಮಿ.ಮೀ. ತ್ರಿಜ್ಯದ ಕಂಸ ಸೇರಿಸಿ, ಫಿಲೆಟ್ ಹಾಕಿ ಮುಗಿಸ್ತೀವಿ. ಸೇರೋ ಜಾಗದಲ್ಲಿ ಇಳಿಜಾರು ಒಂದೇ, ಮೂಲೆ ಇಲ್ಲ. ಆದರೆ ವಕ್ರತೆ? ನೇರ ಗೆರೆಯದು ಸೊನ್ನೆ, ಕಂಸದ್ದು 30ರಲ್ಲಿ ಒಂದು ಭಾಗ. ಒಂದೇ ಬಿಂದುವಿನಲ್ಲಿ ವಕ್ರತೆ ಹಾರಿಬಿಡುತ್ತೆ. ವರ್ನಿಯರ್‌ಗೆ ಇದು ಗೊತ್ತಾಗಲ್ಲ, ಕಣ್ಣಿಗೆ ಗೊತ್ತಾಗುತ್ತೆ. ಹೊಳೆಯುವ ಮೇಲ್ಮೈ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಸರಾಗವಾಗಿ ಬಂದು ಆ ಜಾಗದಲ್ಲಿ ಥಟ್ ಅಂತ ಮುರಿಯುತ್ತೆ. ಕಾರ್ ಡಿಸೈನ್ ಮಾಡೋರು ಸಾಫ್ಟ್‌ವೇರ್‌ನಲ್ಲಿ ಮೇಲ್ಮೈ ಮೇಲೆ ಝೀಬ್ರಾ ಪಟ್ಟೆ ಹಾಕಿ ನೋಡೋದು ಇದನ್ನೇ. ನಮ್ಮ ಭರಣಿಗೆ ಕೊನೆಗೆ ಅರಗಿನ ಹೊಳಪು ಬರುತ್ತೆ, ಅಂದರೆ ಪ್ರತಿ ತಪ್ಪೂ ಎದ್ದು ಕಾಣುತ್ತೆ.

ತಿದ್ದೋಕೆ ಈ ಕ್ರಮ ಅನುಸರಿಸಿ.

ಮೊದಲು ಲೇತ್ ನಿಲ್ಲಿಸಿ. ತಿರುಗುವಾಗ ನಾರಿನ ಗೆರೆ, ಕಲೆ ಎಲ್ಲ ಮಸುಕಾಗಿ ಎಲ್ಲವೂ ಚೆಂದ ಕಾಣುತ್ತೆ. ನಿಂತಾಗ ಹಿಂದೆ ಒಂದು ಬಿಳಿ ಹಾಳೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೇಲಂಚಿನ ಗೆರೆಯನ್ನ ಮಾತ್ರ ನೋಡಿ. ಮರ ನೋಡಬೇಡಿ, ಮರಕ್ಕೂ ಹಾಳೆಗೂ ನಡುವಿನ ಗಡಿ ನೋಡಿ. ಉಬ್ಬು, ತಗ್ಗು, ಚಪ್ಪಟೆ ಜಾಗ ಅಲ್ಲಿ ಸಿಗುತ್ತೆ.

ಎರಡನೇದು ಬೆರಳು. ನಿಂತ ಮರದ ಮೇಲೆ ಮೂರು ಬೆರಳು ಇಟ್ಟು ಬಾಯಿಯಿಂದ ಬುಡದವರೆಗೆ ನಿಧಾನವಾಗಿ ಎಳೀರಿ, ಬೇಕಾದರೆ ಕಣ್ಣು ಮುಚ್ಚಿ. ಕಣ್ಣಿಗೆ ತಪ್ಪಿಸಿಕೊಂಡ ಸಣ್ಣ ದಿಣ್ಣೆ ಬೆರಳಿಗೆ ಸಿಕ್ಕಿಬೀಳುತ್ತೆ. ಚನ್ನಪಟ್ಟಣದಲ್ಲಿ ಕೆಲಸ ಮಾಡೋರನ್ನ ನಾವು ನೋಡಿದಾಗ ಗಮನಕ್ಕೆ ಬಂದದ್ದು ಇದೇ. ಅವರು ಕ್ಯಾಲಿಪರ್ ಹಿಡಿಯೋದಕ್ಕಿಂತ ಹೆಚ್ಚು ಸಲ ಬೆರಳು ಸವರುತ್ತಾರೆ. ಅದು ಅಂದಾಜಿನ ಕೆಲಸ ಅಲ್ಲ, ಬೇರೆ ಥರದ ಅಳತೆ. ಕ್ಯಾಲಿಪರ್ ಒಂದು ಜಾಗದ ವ್ಯಾಸ ಹೇಳುತ್ತೆ, ಬೆರಳು ಒಂದು ಜಾಗದಿಂದ ಇನ್ನೊಂದಕ್ಕೆ ಏನಾಗ್ತಿದೆ ಅಂತ ಹೇಳುತ್ತೆ.

ಮೂರನೇದು ಪೆನ್ಸಿಲ್. ದಿಣ್ಣೆ ಸಿಕ್ಕ ಕಡೆ ಗುರುತು ಹಾಕಿ, ಲೇತ್ ಶುರುಮಾಡಿ, ಆ ಗುರುತು ಅಳಿಯುವಷ್ಟು ಮಾತ್ರ ತೆಳುವಾಗಿ ಕೊರೀರಿ. ನಿಲ್ಲಿಸಿ, ಮತ್ತೆ ನೋಡಿ. ತಿದ್ದೋ ಹೊತ್ತಿಗೆ ಉಳಿ ಹೊಸದಾಗಿ ಮಸೆದಿರಬೇಕು. ಮೊಂಡು ಉಳಿಗೆ ಒತ್ತಡ ಬೇಕು, ಒತ್ತಿದರೆ ಹೊಸ ತಗ್ಗು ಬೀಳುತ್ತೆ.

ಇಲ್ಲಿ ನೆನಪಿಡಬೇಕಾದ ಮಾತು: ಮರವನ್ನ ತೆಗೀಬಹುದು, ಸೇರಿಸೋಕಾಗಲ್ಲ. ಅರ್ಧ ಮಿ.ಮೀ. ತಗ್ಗು ಇದ್ದರೆ ಅದನ್ನ ತುಂಬೋಕೆ ದಾರಿ ಇಲ್ಲ, ಸುತ್ತಲಿನದ್ದನ್ನ ಅರ್ಧ ಮಿ.ಮೀ. ಇಳಿಸಬೇಕು, ವ್ಯಾಸ 1 ಮಿ.ಮೀ. ಕಮ್ಮಿ ಆಗುತ್ತೆ. ಒಳಗೆ ಇನ್ನೂ ತೋಡಿಲ್ಲ ಅಂದರೆ ಇದು ಏನೂ ಅಲ್ಲ. ಆದರೆ ಒಳಗೆ ತೋಡಿ 3 ಮಿ.ಮೀ. ಗೋಡೆ ಉಳಿದ ಮೇಲೆ ಹೊರಗೆ ತಿದ್ದೋಕೆ ಹೋದರೆ ಅದು 2.5 ಆಗುತ್ತೆ. ಹೊರಗಿನ ತಪ್ಪು, ಒಳಗಿನ ತಪ್ಪು ಎರಡೂ ತಿನ್ನೋದು ಒಂದೇ ಗೋಡೆಯನ್ನ. ಹಾಗಾಗಿ ಹೊರಗಿನ ಗೆರೆ ಮನಸ್ಸಿಗೆ ಒಪ್ಪೋವರೆಗೆ ಡ್ರಿಲ್ ಮುಟ್ಟಬೇಡಿ.

ಗೆರೆ ಎಲ್ಲಿ ಉಬ್ಬಬೇಕು ಅನ್ನೋದಕ್ಕೂ ಒಂದು ಯೋಚನೆ ಬೇಕು. ಹೊಟ್ಟೆಯ ಅತಿ ಅಗಲದ ಜಾಗ ಸರಿಯಾಗಿ ಅರ್ಧ ಎತ್ತರದಲ್ಲಿ ಇದ್ದರೆ ಭರಣಿ ಪೀಪಾಯಿ ಥರ ಕಾಣುತ್ತೆ. ಅದನ್ನ ಬುಡದಿಂದ 48 ಮಿ.ಮೀ. ಎತ್ತರಕ್ಕೆ ಒಯ್ದರೆ ಭರಣಿ ಎದ್ದು ನಿಂತ ಹಾಗೆ, 32ಕ್ಕೆ ಇಳಿಸಿದರೆ ಕೂತ ಹಾಗೆ. ಎರಡೂ ಚೆಂದವೇ, ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಿ. ಬುಡ ಸಣ್ಣ ಆದಷ್ಟೂ ನೋಟಕ್ಕೆ ಹಗುರ, ಆದರೆ ಬೀಳೋ ಭಯ. ಗುರುತ್ವ ಕೇಂದ್ರ 40 ಮಿ.ಮೀ. ಎತ್ತರದಲ್ಲಿ ಇದೆ ಅಂದುಕೊಂಡರೆ, 40 ಮಿ.ಮೀ. ಬುಡದ ಭರಣಿ ಸುಮಾರು 27 ಡಿಗ್ರಿ ವಾಲಿದ ಮೇಲೆ ಬೀಳುತ್ತೆ. 30 ಮಿ.ಮೀ. ಬುಡದ್ದು ಸುಮಾರು 21ಕ್ಕೇ. ದೇವರ ಮುಂದೆ ಸೆರಗು ತಾಗಿ ಕುಂಕುಮ ಚೆಲ್ಲಿದರೆ ಅಮ್ಮ ನಿಮ್ಮ ಡಿಸೈನ್ ಹೊಗಳಲ್ಲ.

6. ಒಳಗೆ ತೋಡೋದು

ಟೇಲ್‌ಸ್ಟಾಕ್‌ಗೆ 12 ಮಿ.ಮೀ. ಡ್ರಿಲ್ ಹಾಕಿ. ತಳ 8 ಮಿ.ಮೀ. ಬೇಕು ಅಂದರೆ ಆಳ 72, ಆದರೆ ಡ್ರಿಲ್ 70ಕ್ಕೇ ನಿಲ್ಲಿಸಿ. ಉಳಿದ 2 ಮಿ.ಮೀ. ತಳವನ್ನ ನಯ ಮಾಡೋಕೆ ಬೇಕು. ಡ್ರಿಲ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ತಳದ ಕೆಳಗೆ 2 ಮಿ.ಮೀ. ಒಳಬಾಗು ಕೊಡೋ ಆಸೆ ಇದ್ದರೆ ಆ ಲೆಕ್ಕವನ್ನೂ ಈಗಲೇ ಹಾಕಿ, ಆಗ ತಳದ ನಡುವೆ ಉಳಿಯೋದು 6 ಮಾತ್ರ.

ಆಮೇಲೆ ದೋಣಿ ಥರ ಒಳಬಾಗಿದ ಗೌಜ್ ಉಳಿಯಿಂದ ತೂತನ್ನ ಅಗಲ ಮಾಡ್ತಾ ಹೋಗಬೇಕು. ಇಲ್ಲಿ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠ ಜೀವ ತಳೆಯುತ್ತೆ. ಟೂಲ್ ರೆಸ್ಟ್‌ನಿಂದ ಮುಂದಕ್ಕೆ ಚಾಚಿದ ಉಳಿ ಒಂದು ಕ್ಯಾಂಟಿಲಿವರ್. ತುದಿಯ ಬಾಗು ಉದ್ದದ ಮೂರನೇ ಘಾತದಂತೆ ಏರುತ್ತೆ. 25 ಮಿ.ಮೀ. ಚಾಚಿದ್ದನ್ನ 50 ಮಾಡಿದರೆ 8 ಪಟ್ಟು, 75 ಮಾಡಿದರೆ 27 ಪಟ್ಟು. ಆಳಕ್ಕೆ ಹೋದಂತೆ ಉಳಿ ನಡುಗಿ ಗೋಡೆ ಮೇಲೆ ಅಲೆಅಲೆ ಗುರುತು ಬೀಳೋದು ಇದಕ್ಕೇ. ಪರಿಹಾರವೂ ಸೂತ್ರದಲ್ಲೇ ಇದೆ: ರೆಸ್ಟನ್ನ ಬಾಯಿಗೆ ಆದಷ್ಟು ಹತ್ತಿರ ತನ್ನಿ, ಸಾಧ್ಯವಾದರೆ ಒಳಕ್ಕೇ ತೂರಿಸಿ. ದಪ್ಪ ಉಳಿ ಬಳಸಿ, ವ್ಯಾಸ ಎರಡು ಪಟ್ಟಾದರೆ ಬಾಗು 16ರಲ್ಲಿ ಒಂದು ಭಾಗ. ಮತ್ತೆ, ಒಮ್ಮೆಗೆ ತೆಗೆಯೋ ಮರ ಕಮ್ಮಿ ಮಾಡಿ.

ಇಡೀ ಆಳವನ್ನ ಒಂದೇ ಸಲ ತೋಡಬೇಡಿ. ಮೇಲಿನ ಕಾಲು ಭಾಗ ಪೂರ್ತಿ ಗೋಡೆಯ ದಪ್ಪಕ್ಕೆ ತಂದು ಮುಗಿಸಿ, ಆಮೇಲೆ ಕೆಳಗಿಳೀರಿ. ಆಗ ಕೆಲಸ ನಡೆಯೋ ಜಾಗದ ಕೆಳಗೆ ಯಾವಾಗಲೂ ಗಟ್ಟಿ ಮರ ಇರುತ್ತೆ. ತಳದ ಮೂಲೆಯನ್ನ ಚೂಪಾಗಿ ಬಿಡದೆ ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಕುಂಕುಮ ಸಿಕ್ಕಿಕೊಳ್ಳುತ್ತೆ, ಬಿರುಕೂ ಅಲ್ಲೇ ಶುರುವಾಗುತ್ತೆ.

ಗೋಡೆ ಎಷ್ಟು ತೆಳು ಇರಬೇಕು? 60 ಮಿ.ಮೀ. ವ್ಯಾಸದಲ್ಲಿ 8 ಮಿ.ಮೀ. ಗೋಡೆ ಬಿಟ್ಟರೆ ಅಡ್ಡಕೊಯ್ತದ ಸುಮಾರು ಶೇ. 46 ಮರ ಉಳಿಯುತ್ತೆ, 5 ಬಿಟ್ಟರೆ ಶೇ. 31, 3 ಬಿಟ್ಟರೆ ಶೇ. 19. ಕೈಗೆ ತಗೊಂಡಾಗ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. 8 ಆದರೆ ಕೈಗೆ ಭಾರ, 3 ಆದರೆ ಹೊಸಬರಿಗೆ ರಿಸ್ಕ್. ಆದರೆ ಸಂಖ್ಯೆಗಿಂತ ಮುಖ್ಯ ಗೋಡೆ ಎಲ್ಲ ಕಡೆ ಒಂದೇ ಥರ ಇರೋದು. ತೆಳು ಜಾಗ ಬೇಗ ಒಣಗಿ ಕುಗ್ಗುತ್ತೆ, ದಪ್ಪ ಜಾಗ ತಡವಾಗಿ. ಆ ಎಳೆದಾಟದಲ್ಲಿ ಬಿರುಕು. ಅಂದರೆ ಒಳಗಿನ ಗೆರೆ ಹೊರಗಿನ ಗೆರೆಯನ್ನೇ ಹಿಂಬಾಲಿಸಬೇಕು.

ಬಾಯಿ 40, ಹೊಟ್ಟೆಯ ಒಳಗೆ 50. ವರ್ನಿಯರ್ ಒಳಗೆ ಹೋಗಿ ಗೋಡೆ ಅಳೆಯೋಕಾಗಲ್ಲ. ಅದಕ್ಕೆ ಒಂದು ದಪ್ಪ ತಂತಿಯನ್ನ 'ಯು' ಥರ ಬಗ್ಗಿಸಿ, ಎರಡು ತುದಿಗಳ ನಡುವೆ ಸರಿಯಾಗಿ 15 ಮಿ.ಮೀ. ಇಡಿ. ಒಂದು ತುದಿ ಒಳಗೆ ಬಿಟ್ಟು ಒಳಗೋಡೆಗೆ ತಾಗಿಸಿ. ಹೊರಗಿನ ತುದಿಗೂ ಹೊರಗೋಡೆಗೂ ನಡುವೆ 10 ಕಂಡರೆ ಗೋಡೆ 5. ಹತ್ತು ರೂಪಾಯಿ ಖರ್ಚಿಲ್ಲದ ಉಪಕರಣ. ಅಳೆಯೋದು ಲೇತ್ ಪೂರ್ತಿ ನಿಂತ ಮೇಲೆ ಮಾತ್ರ.

7. ಅರಗು

ಅರಗು ಒಂದು ಸಣ್ಣ ಕೀಟ ಸ್ರವಿಸುವ ರಾಳ. ಅದಕ್ಕೆ ಬಣ್ಣ ಬೆರೆಸಿ ಕಡ್ಡಿ ಮಾಡಿರ್ತಾರೆ, ಹಳದಿಗೆ ಅರಿಶಿನ ಬಳಸೋದೂ ಉಂಟು. ತಿರುಗುವ ಮರಕ್ಕೆ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತೆ. ಒತ್ತೋ ಬಲ 20 ನ್ಯೂಟನ್, ಘರ್ಷಣಾಂಕ 0.3 ಅಂತ ಇಟ್ಟುಕೊಂಡರೆ, 4.7 ಮೀಟರ್ ವೇಗಕ್ಕೆ ಸುಮಾರು 28 ವ್ಯಾಟ್ ಬಿಸಿ. ಮರ ಶಾಖವನ್ನ ಬೇಗ ಒಯ್ಯಲ್ಲ, ಹಾಗಾಗಿ ಬಿಸಿ ಮೇಲ್ಮೈಯಲ್ಲೇ ನಿಂತು ಅರಗನ್ನ ಮೆತ್ತಗೆ ಮಾಡುತ್ತೆ. ಒಲೆ ಬೇಡ, ಬ್ರಷ್ ಬೇಡ, ಒಣಗೋಕೆ ಕಾಯೋದೂ ಬೇಡ. ಆಮೇಲೆ ತಾಳೆ ಗರಿ ಒತ್ತಿ ಹಿಡಿದರೆ ಅರಗು ಸಮವಾಗಿ ಹರಡಿ ಹೊಳಪು ಬರುತ್ತೆ. ಚನ್ನಪಟ್ಟಣದ ಗೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೊಳಪಿನ ಹಿಂದೆ ಇರೋ ಇಂಜಿನಿಯರಿಂಗ್ ಇಷ್ಟು ಸರಳ, ಇಷ್ಟು ಜಾಣ.

8. ಎಚ್ಚರಿಕೆ

ಕೊರಳಲ್ಲಿ ಐಡಿ ಕಾರ್ಡ್ ಟ್ಯಾಗ್, ದುಪಟ್ಟಾ, ಸಡಿಲ ತೋಳು, ಬಿಟ್ಟ ಕೂದಲು, ಕೈಗವಸು: ಇವು ಯಾವುದೂ ಲೇತ್ ಹತ್ತಿರ ಬೇಡ. ಮುಖಕ್ಕೆ ಶೀಲ್ಡ್, ಮೂಗಿಗೆ ಮಾಸ್ಕ್ ಬೇಕು. ಶುರುಮಾಡೋ ಮುಂಚೆ ಕೈಯಿಂದ ಒಂದು ಸುತ್ತು ತಿರುಗಿಸಿ ರೆಸ್ಟ್‌ಗೆ ತಾಗಲ್ಲ ಅಂತ ಖಚಿತ ಮಾಡಿಕೊಳ್ಳಿ. ಕಾಲೇಜಿನ ಕಬ್ಬಿಣದ ಲೇತ್‌ನಲ್ಲಿ ಮರ ಹಾಕೋ ಮುಂಚೆ ಲ್ಯಾಬ್ ಇನ್‌ಸ್ಟ್ರಕ್ಟರನ್ನ ಕೇಳಿ. ಕೈ ಉಳಿಗೆ ಬೇಕಾದ ಟೂಲ್ ರೆಸ್ಟ್ ಅದರಲ್ಲಿ ಇರಲ್ಲ, ಮರದ ಪುಡಿ ಎಣ್ಣೆ ಜೊತೆ ಸೇರಿ ಬೆಡ್ ಮೇಲೆ ಅಂಟು ಕಟ್ಟುತ್ತೆ.

ಮಾಡಿ ನೋಡಿ

ಲೇತ್ ಸಿಗೋ ಮುಂಚೆಯೇ ಮಾಡಬಹುದಾದ ಮೂರು ಅಭ್ಯಾಸ.

ಒಂದು: 80 ಎತ್ತರ, ಬುಡ 40, ಹೊಟ್ಟೆ 60, ಬಾಯಿಯ ಹೊರವ್ಯಾಸ 50. ಈ ಅಳತೆಗೆ ಕೈಯಿಂದ ಐದು ಬೇರೆ ಬೇರೆ ಗೆರೆ ಎಳೀರಿ. ಐದರಲ್ಲೂ ಅಳತೆ ಸರಿ ಇರಲಿ. ರೂಮ್‌ಮೇಟ್‌ಗೆ ತೋರಿಸಿ ಯಾವುದು ಚೆಂದ ಕೇಳಿ, ಯಾಕೆ ಅಂತ ಇಬ್ಬರೂ ಹುಡುಕಿ.

ಎರಡು: ಅದೇ ಗೆರೆಯನ್ನ ಕ್ಯಾಡ್‌ನಲ್ಲಿ ಒಮ್ಮೆ ಕಂಸ ಮತ್ತು ನೇರ ಗೆರೆಯಿಂದ, ಒಮ್ಮೆ ಸ್ಪ್ಲೈನ್‌ನಿಂದ ಮಾಡಿ, ಎರಡಕ್ಕೂ ಝೀಬ್ರಾ ಪಟ್ಟೆ ಹಾಕಿ ನೋಡಿ.

ಮೂರು: ಮನೆಯಲ್ಲಿರೋ ಹಳೇ ಮರದ ಭರಣಿ, ಲಟ್ಟಣಿಗೆ, ತೊಟ್ಟಿಲ ಕಾಲು ಏನಾದರೂ ತಗೊಂಡು ಕಣ್ಣು ಮುಚ್ಚಿ ಬೆರಳು ಸವರಿ. ಕಡೆದವರ ಕೈ ಎಲ್ಲಿ ನಿಂತಿತ್ತು, ಎಲ್ಲಿ ಹರಿದಿತ್ತು ಅಂತ ಗೊತ್ತಾಗುತ್ತೆ.

ಡ್ರಾಯಿಂಗ್‌ನಲ್ಲಿ ಬರೆಯೋಕಾಗುವ ಅಳತೆ ಮತ್ತು ಬರೆಯೋಕಾಗದ ಗೆರೆ, ಎರಡೂ ಸರಿ ಬಂದಾಗಲೇ ಒಂದು ಭರಣಿ ಮುಗಿಯೋದು. ಮೊದಲನೇದನ್ನ ನಮಗೆ ಲ್ಯಾಬ್‌ನಲ್ಲಿ ಕಲಿಸಿದ್ದಾರೆ. ಎರಡನೇದನ್ನ ಬೆರಳಿನಿಂದಲೇ ಕಲೀಬೇಕು.